ಎರಡನೆಯ ಗುಂಡಿನ ಊಹೆ

ಮೊದಲೇ ಹೇಳಿಬಿಡುತ್ತೇನೆ: ಇದರಲ್ಲಿ ಬರುವ ಒಂದು ಸದ್ದು ನನ್ನ ನೋಟ್‌ಬುಕ್ಕಿನಲ್ಲಿಲ್ಲ, ತಲೆಯಲ್ಲಿ ಮಾತ್ರ ಇದೆ. ಯಾವುದೆಂದು ಕೊನೆಯಲ್ಲಿ ಹೇಳುತ್ತೇನೆ.

ಕೊಡಗು ಆಗಿನ್ನೂ ಪ್ರತ್ಯೇಕ ರಾಜ್ಯ. ನಾನು ಮೇಷ್ಟ್ರ ತರಬೇತಿಯಲ್ಲಿದ್ದೆ. ಪಾಠ ಮಾಡಿ ಕಲಿಯಲಿ ಎಂದು ಹುದಿಕೇರಿ ಕಡೆಯ ಶಾಲೆಗೆ ಕಳಿಸಿದ್ದರು. ಜೊತೆಗೆ ಮನಶ್ಶಾಸ್ತ್ರದ ಗುರುಗಳದೊಂದು ಅಪ್ಪಣೆ: "ಜನರ ನಡವಳಿಕೆಯ ಬಗ್ಗೆ ಒಂದು ಊಹೆ ಬರೆದು ಕಳಿಸಿ. ತಪ್ಪೆಂದು ತೋರಿಸಲು ಸಾಧ್ಯವಿರುವಂಥದ್ದು ಬೇಕು."

ಮಳೆ ಹೆಚ್ಚಾದಷ್ಟೂ ಮಕ್ಕಳು ಹೆಚ್ಚು ಸುಳ್ಳು ಹೇಳುತ್ತಾರೆ ಎಂದು ಬರೆದೆ. "ಬೇಸಿಗೆಯಲ್ಲಿ ಅವರನ್ನು ನೋಡಿದ್ದೀರಾ?" ಎಂಬ ಒಂದೇ ಸಾಲಿನೊಂದಿಗೆ ಕಾಗದ ವಾಪಸು ಬಂತು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರು ಆಳವಾಗಿ ಯೋಚಿಸುತ್ತಾರೆ ಎಂದೆ. "ನಿಮಗೆ ಹೇಳಿದವರು ಯಾರು, ಕಿಟಕಿಯೇ?" ಎಂದರು.

ಹೀಗಿರುವಾಗ ಒಂದು ಬೆಳಿಗ್ಗೆ ದೂರದಲ್ಲೆಲ್ಲೋ ಕೋವಿ ಸಿಡಿಯಿತು. ಚಹಾದಂಗಡಿಯವನು ಲೋಟಕ್ಕೆ ಸುರಿಯುತ್ತಿದ್ದವನು ಹಾಗೇ ನಿಂತ. ಬೀಡಿ ಹಚ್ಚುತ್ತಿದ್ದವನು ಕಡ್ಡಿ ಬೆರಳು ಸುಡುವವರೆಗೂ ಕಿವಿಗೊಟ್ಟಿದ್ದ. ಆಮೇಲೆ ಚಹಾ ಮತ್ತೆ ಸುರಿಯಿತು. ಬೆರಗಾದವನು ನಾನೊಬ್ಬನೇ. ಕುಶಾಲನಗರದ ಬಯಲಿನವನು ನಾನು. ನಮ್ಮಲ್ಲಿ ಸುದ್ದಿಯನ್ನು ಬಾಯಲ್ಲಿ ಹೇಳುತ್ತಾರೆ.

ನಾನು ಬಾಡಿಗೆಗಿದ್ದ ಮನೆಯ ಯಜಮಾನಿಯನ್ನು ಕೇಳಿದೆ. ಅವರನ್ನು ನಾನು ಅವ್ವ ಎಂದೇ ಕರೆಯುತ್ತಿದ್ದೆ.

"ಒಂದು ಗುಂಡಾದರೆ ಗಂಡುಮಗು ಹುಟ್ಟಿತು ಅಂತ ಮೇಷ್ಟ್ರೇ. ಬೆನ್ನಿಗೇ ಇನ್ನೊಂದಾದರೆ ಯಾರೋ ತೀರಿಕೊಂಡರು ಅಂತ."

"ಹೆಣ್ಣುಮಗು ಹುಟ್ಟಿದರೆ?"

"ಕಂಚಿನ ತಟ್ಟೆ ಬಡಿಯೋದುಂಟು. ಅದು ಇಲ್ಲಿವರೆಗೆಲ್ಲಿ ಕೇಳ್ತದೆ?"

ಆ ದಿನವೇ ಬರೆದೆ: ಮೊದಲ ಗುಂಡು ಕೇಳಿದವರು ಎರಡನೆಯದಕ್ಕಾಗಿ ಕೈಕೆಲಸ ನಿಲ್ಲಿಸುತ್ತಾರೆ, ಸಂಬಂಧ ಹತ್ತಿರವಾದಷ್ಟೂ ಹೆಚ್ಚು ಹೊತ್ತು ನಿಲ್ಲಿಸುತ್ತಾರೆ. ಗುರುಗಳ ಉತ್ತರ ಬಂತು: "ಇದು ತಪ್ಪಾಗಬಹುದು. ಸಂತೋಷ. ಹತ್ತಿರದವರೊಬ್ಬರನ್ನು ನೋಡಿ ಬರೆಯಿರಿ."

ಹತ್ತಿರದವರು ಜಗಲಿಯಲ್ಲೇ ಇದ್ದರು. ಗದ್ದೆಯಾಚೆಯ ದಿಬ್ಬದ ಮೇಲಿನ ಮನೆ ಅವ್ವನ ಅಣ್ಣನದು. ಅಣ್ಣ ಉಬ್ಬಸ ಹೆಚ್ಚಾಗಿ ಹಾಸಿಗೆ ಹಿಡಿದಿದ್ದರು. ಅದೇ ಮನೆಗೆ ಅವರ ಮಗಳು ಹೆರಿಗೆಗೆ ಬಂದಿದ್ದಳು.

"ಒಂದೇ ಮನೆಯಿಂದ ಎರಡು ಸುದ್ದಿಗೆ ಕಾಯೋ ಹಾಗಾಯ್ತಲ್ಲ ನನ್ನ ಬಾಳು" ಎನ್ನುತ್ತಾ ಅವ್ವ ಮೊರದಲ್ಲಿ ಅಕ್ಕಿತರಿ ಕೇರುತ್ತಿದ್ದರು. ನಾನು ಗಡಿಯಾರ ಹಿಡಿದು ಎದುರಿಗೆ ಕೂರುತ್ತಿದ್ದೆ. ಗುಂಡಿಗೆ ಕಾಯುತ್ತಿದ್ದೆ. ಒಂದೇ ಗುಂಡಿಗೆ, ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಂಬಬೇಕಾದವನೂ ನಾನೊಬ್ಬನೇ ಆದದ್ದರಿಂದ ತೊಂದರೆಯಾಗಲಿಲ್ಲ.

ನಾಲ್ಕನೆಯ ದಿನವೋ ಐದನೆಯ ದಿನವೋ, ಮಧ್ಯಾಹ್ನ, ಆಚೆ ದಿಬ್ಬದಿಂದ ಢಂ ಎಂದಿತು.

ಅವ್ವನ ಕೈ ನಿಲ್ಲಲಿಲ್ಲ. ಮೊರ ಜೋರಾಯಿತು, ಇನ್ನೂ ಜೋರಾಯಿತು. ತರಿ ಜಗಲಿಯಿಂದ ಅಂಗಳಕ್ಕೆ ಹಾರಿ ಕೋಳಿಗಳಿಗೆ ಹಬ್ಬವಾಯಿತು. ನಾನು ದಿಬ್ಬವನ್ನೇ ನೋಡುತ್ತಿದ್ದೆ. ಎರಡನೆಯದು ಬರಲಿಲ್ಲ. ಗಡಿಯಾರ ನನ್ನ ಅಂಗೈಯಲ್ಲಿ ಬೋರಲಾಗಿ ಬಿದ್ದಿತ್ತು.

"ಗಂಡುಮಗು!" ಎಂದು ಅವ್ವ ಎದ್ದರು. ಅಟ್ಟದಲ್ಲಿ ಮಾಗಿಸಲು ಇಟ್ಟಿದ್ದ ಬಾಳೆಗೊನೆಯನ್ನು ನನ್ನ ಹೆಗಲಿಗೇರಿಸಿ ಗದ್ದೆಬದುವಿನ ಮೇಲೆ ಓಡುನಡಿಗೆಯಲ್ಲಿ ಹೊರಟರು. ನಾನು ಹಿಂದಿನಿಂದ ಕೂಗಿದೆ.

"ಅವ್ವಾ, ನೀವು ಮೊರ ನಿಲ್ಲಿಸಲೇ ಇಲ್ಲವಲ್ಲ?"

"ನಿಲ್ಲಿಸಿದರೆ ಇನ್ನೊಂದು ಕೇಳಿಸಿಬಿಡ್ತದಲ್ಲ, ಮಾರಾಯ್ರೆ!"

ನನ್ನ ಊಹೆ ಬದುವಿನ ಮೇಲೇ ಸತ್ತುಹೋಯಿತು. ಅದರ ಜಾಗದಲ್ಲಿ ಇನ್ನೊಂದು ಹುಟ್ಟಿತು: ಸುದ್ದಿ ಊರವರದಾದರೆ ಜನ ಕೇಳಲು ನಿಲ್ಲುತ್ತಾರೆ, ತಮ್ಮದಾದರೆ ಕೇಳದಿರಲು ಸದ್ದು ಮಾಡುತ್ತಾರೆ.

ಅಣ್ಣನ ಮನೆಯ ಮೆಟ್ಟಿಲಲ್ಲಿ ಅವರ ಮಗ ಕೋವಿ ಒರೆಸುತ್ತಾ ಕೂತಿದ್ದ.

"ಗಂಡಲ್ವೇನೋ?"

"ಹೆಣ್ಣು ಅತ್ತೆ, ಬೆಳಿಗ್ಗೆಯೇ ಆಯ್ತು. ತಟ್ಟೆ ಬಡಿದ್ವಿ, ಕೇಳಲಿಲ್ವಾ?"

"ಮತ್ತೆ ಗುಂಡು?"

"ಗದ್ದೆಗೆ ಹಂದಿ ನುಗ್ಗಿತ್ತು. ತಪ್ಪಿಹೋಯ್ತು."

"ಮನೇಲಿ ಅಪ್ಪ ಮಲಗಿರೋವಾಗ ಹಂದಿಗೆ ಗುಂಡು ಹೊಡೀತಾರೇನೋ! ಇನ್ನೊಂದು ಹೊಡೆದಿದ್ದರೆ ನಾನು ಅಲ್ಲೇ ಬೀಳ್ತಿದ್ದೆ."

"ಇನ್ನೊಂದು ತೋಟಾ ಇರಲಿಲ್ಲ ಅತ್ತೆ."

ಒಳಗೆ ಅಣ್ಣ ದಿಂಬಿಗೊರಗಿ ಕೂತು ಗಂಜಿ ಕುಡಿಯುತ್ತಿದ್ದರು. ಕಳೆದ ವಾರಕ್ಕಿಂತ ಗೆಲುವಾಗಿದ್ದರು. ಬಾಳೆಗೊನೆ ಹೊತ್ತು ಬೆವರುತ್ತಿದ್ದ ನನ್ನನ್ನು ಕಂಡು ನಕ್ಕರು.

"ಗುಂಡು ಎಣಿಸೋ ಮೇಷ್ಟ್ರು ಇವರೇನಾ? ನನ್ನದು ಎರಡು ಬಾಕಿ ಉಂಟು. ನಡುವೆ ಎಷ್ಟು ಬಿಡುವು ಕೊಟ್ಟರೆ ನಿಮಗೆ ಅನುಕೂಲ? ಈಗಲೇ ಹೇಳಿ, ಮಗನಿಗೆ ತಿಳಿಸಿರ್ತೇನೆ. ಅವನು ಹಂದಿಗೇ ತಪ್ಪೋನು, ಆಕಾಶಕ್ಕಾದರೂ…"

ಮುಂದಿನದು ನನಗೆ ಕೇಳಿಸಲಿಲ್ಲ. ಮೂಲೆಯಲ್ಲಿದ್ದ ಕಂಚಿನ ತಟ್ಟೆಯನ್ನೆತ್ತಿಕೊಂಡು ಅವ್ವ ಬಡಿಯತೊಡಗಿದ್ದರು. ಅಣ್ಣನ ತುಟಿ ಅಲುಗುತ್ತಲೇ ಇತ್ತು, ಅವ್ವ ಬಡಿಯುತ್ತಲೇ ಇದ್ದರು.

ನೋಟ್‌ಬುಕ್ಕಿನಲ್ಲಿಲ್ಲದ್ದು ಈ ತಟ್ಟೆಯ ಸದ್ದು. ಹಂದಿ ಇದೆ, ಮೊರ ಇದೆ, ಕೋಳಿಗಳೂ ಇವೆ. ನನ್ನ ಹೊಸ ಊಹೆಗೆ ಇಷ್ಟು ಚೆನ್ನಾಗಿ ಹೊಂದುವ ಸಾಕ್ಷಿಯನ್ನು ಬರೆಯದೆ ಬಿಟ್ಟಿರುತ್ತೇನೆಯೇ? ಆಮೇಲೆ ಕಟ್ಟಿಕೊಂಡದ್ದೇ ಇರಬೇಕು. ಆದರೆ ಮಗು ಎಚ್ಚೆತ್ತು ಕಿರುಚಿದ್ದು, ಅಣ್ಣ ಸೋತು ಗಂಜಿಯ ಬಟ್ಟಲಿಗೆ ಮರಳಿದ್ದು, "ಈಗ ಬರ್ಕೊಳ್ಳಿ ಮೇಷ್ಟ್ರೇ, ಹೆಣ್ಣುಮಗು" ಎಂದು ಅವ್ವ ಏದುಸಿರಿನಲ್ಲಿ ಹೇಳಿದ್ದು, ಇವು ಪುಟದಲ್ಲಿವೆ. ಮಗು ಯಾಕೆ ಎಚ್ಚರವಾಯಿತೆಂದು ಮಾತ್ರ ಬರೆದಿಲ್ಲ.