ಗಂಗಿಯ ಬಾಯಲ್ಲಿ ವಿಠ್ಠಲ

ಬೇಲೆಕೇರಿಯ ಗಂಗಿಯಂಥ ಭಕ್ತೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಭಜನೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಾಳೆ. ವಿಠ್ಠಲನ ಹೆಸರು ಬಂದ ಕೂಡಲೇ ಬಾಯಿ ಮುಚ್ಚುತ್ತಾಳೆ. ಗಂಡನ ಹೆಸರೂ ವಿಠ್ಠಲ. ಹೆಂಡತಿ ಹೆಸರು ಹೇಳಿದರೆ ಗಂಡನ ಆಯುಷ್ಯ ಕಮ್ಮಿಯಾಗುತ್ತದೆಂದು ಅತ್ತೆ ಮದುವೆಯಾದ ಹೊಸದರಲ್ಲೇ ಹೆದರಿಸಿಟ್ಟಿದ್ದಳು. ರೇಶನ್ ಕಾರ್ಡಿನವರು ಗಂಡನ ಹೆಸರು ಕೇಳಿದಾಗ ಗಂಗಿ ಗೋಡೆಯ ಕ್ಯಾಲೆಂಡರಿನಲ್ಲಿದ್ದ ದೇವರತ್ತ ಬೆರಳು ತೋರಿಸಿದ್ದಳು. ವಿಠ್ಠಲನಿಗೆ ಈ ತಾಪತ್ರಯವಿಲ್ಲ. ಅವನು ಹೆಂಡತಿಯನ್ನು ಕರೆಯುವುದು ‘ಹೋಯ್’ ಎಂದು. ಅದರಿಂದ ಯಾರ ಆಯುಷ್ಯಕ್ಕೂ ಧಕ್ಕೆಯಿಲ್ಲ.

ಊರಿನ ಭಜನಾ ಸಪ್ತಾಹವೆಂದರೆ ಏಳು ದಿನ ಹಗಲೂ ರಾತ್ರಿ ವಿಠ್ಠಲನಾಮ ನಿಲ್ಲಬಾರದು. ನಿಂತರೆ ಊರಿಗೆ ಕೇಡು. ಅಷ್ಟೂ ದಿನ ಯಾರೂ ಮೀನು ತಿನ್ನುವಂತಿಲ್ಲ. ಹೆಂಗಸರು ಈ ಸಲ ತಮಗೂ ಒಂದು ಪಾಳಿ ಕೇಳಿದ್ದರು. ಸಮಿತಿಯ ಅಧ್ಯಕ್ಷ ಭಾಸ್ಕರ, ಹೆಂಗಸರಿಗೆ ಮನೆಗೆಲಸವೇ ನಾಮಸ್ಮರಣೆ ಎಂದು ಮೈಕಿನಲ್ಲೇ ಉಪದೇಶ ಮಾಡಿದ. ಗಂಗಿಗೆ ಮಂಟಪ ಗುಡಿಸಿ ದೀಪಕ್ಕೆ ಎಣ್ಣೆ ಹಾಕುವ ಸ್ಮರಣೆ ಸಿಕ್ಕಿತು.

ಒಂದು ಮಧ್ಯಾಹ್ನ ಭಾಸ್ಕರನ ಪಾಳಿ ನಡೆದಿದ್ದಾಗ ಸುದ್ದಿ ಬಂತು: ದಂಡೆಯಿಂದ ಎಳೆಯುವ ರಂಪಣಿ ಬಲೆಗೆ ರಾಶಿ ಬಂಗಡೆ ಮೀನು ಬಿದ್ದಿದೆ, ಹಗ್ಗ ಎಳೆಯಲು ಜನ ಸಾಲದು. ಎಳೆದವರಿಗೆಲ್ಲ ಪಾಲುಂಟು. ತಿನ್ನಬಾರದು ಎಂದಿತ್ತೇ ಹೊರತು ಎಳೆಯಬಾರದು ಎಂದಿರಲಿಲ್ಲ. ಮನೆಮನೆಯಲ್ಲಿ ಫ್ರಿಜ್ಜೂ ಇದೆ. ತಾಳದವರು ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು, ಎಲ್ಲರಿಗಿಂತ ಮೊದಲು ವಿಠ್ಠಲ. ಕೊನೆಗೆ ಭಾಸ್ಕರನೂ ಎದ್ದು, ಗಂಗಿಯ ಕೈಗೆ ಮೈಕು ತುರುಕಿ, ಎರಡು ನಾಮಗಳ ನಡುವೆ ಗಡಿಬಿಡಿಯಲ್ಲಿ ಹೇಳಿದ: “ಒಂದ್ ಗಳಿಗೆ ಹೇಳ್ತಾ ಇರ್ ಮಾರಾಯ್ತಿ, ಈಗ್ ಬಂದೆ.”

ಮಂಟಪದಲ್ಲಿ ಗಂಗಿಯೊಬ್ಬಳೇ. ಹೇಳಿದರೆ ಗಂಡನಿಗೆ ಕೇಡು, ಹೇಳದಿದ್ದರೆ ಊರಿಗೆ. ಊರು ಅಂದಮೇಲೆ ನಮ್ಮನೆಯವರೂ ಅದರೊಳಗೇ ಇದ್ದಾರಲ್ಲ ಅಂದುಕೊಂಡು ಕಣ್ಣು ಮುಚ್ಚಿ ಕೂಗಿದಳು: “ವಿಠ್ಠಲಾ!”

ದನಿ ಧ್ವನಿವರ್ಧಕದಲ್ಲಿ ಹಾದು ಕಡಲ ದಂಡೆ ಮುಟ್ಟಿತು. ಹಗ್ಗ ಎಳೆಯುತ್ತಿದ್ದ ವಿಠ್ಠಲ ಬೆಚ್ಚಿಬಿದ್ದ. ಇಷ್ಟು ವರ್ಷ ಹೆಸರೆತ್ತದವಳು ಕರೆಯುತ್ತಿದ್ದಾಳೆಂದರೆ ಮನೆಗೆ ಬೆಂಕಿಯೇ ಬಿದ್ದಿರಬೇಕು. ಪಾಲಿನ ಬಂಗಡೆಯನ್ನೂ ಮರೆತು, ಮರಳಲ್ಲಿ ಬಿದ್ದು ಎದ್ದು ಓಡಿಬಂದ.

“ಎಂತಾತೆ? ಯಾಕ್ ಕರ್ದೆ?”

ಗಂಗಿ ಉತ್ತರ ಕೊಟ್ಟರೆ ನಾಮ ನಿಲ್ಲುತ್ತದೆ. ಗಂಡ ಏದುಸಿರು ಬಿಡುತ್ತಿದ್ದಾನೆ, ಅಂದರೆ ಉಸಿರಿದೆ ಎಂದು ಅವಳಿಗೆ ಅಳುವೇ ಬಂತು. ಅಳುತ್ತಲೇ ನಾಮ ಹೇಳುತ್ತ ತಾಳದ ಕಡೆ ಕೈ ತೋರಿಸಿದಳು. ವಿಠ್ಠಲ ತೆಪ್ಪಗೆ ಕೂತು ತಾಳ ಹಾಕಿದ.

ಸಪ್ತಾಹ ಮುಗಿಯುವ ಮಂಗಲದ ದಿನ ಭಾಸ್ಕರ, ನಾಮ ಒಂದು ಗಳಿಗೆಯೂ ನಿಲ್ಲಲಿಲ್ಲವೆಂದು ಹಿಗ್ಗಿ ಎಲ್ಲರ ಹೆಸರು ಹಿಡಿದು ಉಪಕಾರ ನೆನೆದ. ಪೆಂಡಾಲಿನವನ ಹೆಸರು ಬಂತು, ಮೈಕಿನವನ ಹೆಸರು ಬಂತು. ಗಂಗಿಯದು ಬರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಅವಳು ಮಾತ್ರ ಪ್ರಸಾದ ಕಟ್ಟಿಕೊಂಡು ಮನೆಗೆ ಹೋದಳು.

ಮರುದಿನ ವಿಠ್ಠಲ ಅಂಗಳದಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು, “ಗಂಗೀ” ಎಂದು ಕರೆದ. ಬೇರೆ ಯಾರನ್ನೋ ಕರೆಯುತ್ತಿದ್ದಾನೆಂದುಕೊಂಡು ಅವಳು ಕೊಂಡು ತಂದ ಬಂಗಡೆ ಕೊಯ್ಯುತ್ತಲೇ ಇದ್ದಳು.