ಯಾರೂ ಕುಡಿಯದ ವೈನು

ನಿಮ್ಮ ತಾತ, ನಮ್ಮ ಯಜಮಾನರು, ತೀರಿಕೊಂಡ ಮರುತಿಂಗಳು, ನಮ್ಮ ದ್ರಾಕ್ಷಿ ಕೊಳ್ಳುತ್ತಿದ್ದ ವೈನರಿಯವರು ಒಂದು ಬಾಟಲಿ ಕಳಿಸಿದರು. ಅದನ್ನು ಜಗಲಿಯ ಮೇಲಿಟ್ಟುಕೊಂಡು ಭಾವನವರೂ ಮೈದುನನೂ ವಾದಕ್ಕೆ ಕೂತರು. ತಾತ ನೆಟ್ಟ ಬಳ್ಳಿ ಉಳಿಯಲಿ ಎಂದು ನನ್ನ ಮನಸ್ಸಿನಲ್ಲಿತ್ತು.

"ನಮ್ ಸೀಮೆ ವೈನ್ಗೆ ಯಾವ ಬೆಲೆ? ಬಳ್ಳಿ ಕಿತ್ತು ಅರಿಸಿನ ಹಾಕನ ಬುಡಣ್ಣ" ಎಂದ ಮೈದುನ.

"ಕುಡ್ದು ನೋಡಿದ್ದೀಯೇನ್ಲಾ?"

"ಲಿಂಗ ಕಟ್ಕಂಡೋನು ಕುಡ್ದಾನಾ? ನೀನ್ ಕುಡ್ದಿದ್ಯಾ?"

ಭಾವನವರು ಮುಚ್ಚಳ ತೆಗೆದು ಮೂಸಿ, "ಚೆನ್ನಾಗದೆ ಕಣ್ಲಾ" ಎಂದರು. ಮೈದುನನೂ ಮೂಸಿದ. "ಹುಳಿ ಮಜ್ಜಿಗೆ! ಅಲ್ವಾ ಅತ್ತಿಗೆ?" ಎಂದು ಬಾಟಲಿಯನ್ನು ನನ್ನತ್ತ ಚಾಚಿದ.

ನನಗೆ ಯಾವ ವಾಸನೆಯೂ ಹತ್ತಲಿಲ್ಲ. ಭಾವನವರೆದುರು ಬಾಯಿ ತೆರೆದು ಅಭ್ಯಾಸವಿರಲಿಲ್ಲ, ಸುಮ್ಮನೆ ತಲೆಯಾಡಿಸಿದೆ. ಅದನ್ನೇ ಬಳ್ಳಿ ಕೀಳಲು ನನ್ನ ಒಪ್ಪಿಗೆ ಎಂದುಕೊಂಡರು.

ಮಾರನೇ ವಾರ ಬಳ್ಳಿ ಕಿತ್ತರು. ಕೀಳುವವರಿಗೆ ನಾನೇ ಮುದ್ದೆ ಮಾಡಿ ಬಡಿಸಿದೆ.