‘ನಂದೇನಿಲ್ರಿ’ ಎನ್ನುತ್ತಿದ್ದ ಕುದುರೆ ಡಾಕ್ಟರು

ಬಾಗಲಕೋಟೆಯ ಆ ಕುದುರೆ ಡಾಕ್ಟರು ಮೊದಲು ಕುದುರೆಯನ್ನು ಮಾತನಾಡಿಸಿ, ಆಮೇಲೆ ಮಾಲೀಕನತ್ತ ತಿರುಗುತ್ತಿದ್ದರು. ಯಾರು ಹೊಗಳಿದರೂ ಕೈಯಾಡಿಸಿ, “ನಂದೇನಿಲ್ರಿ” ಎನ್ನುತ್ತಿದ್ದರು.

ನಮ್ಮ ಟಾಂಗಾ ಕುದುರೆಯ ಕಾಲು ಕೀವು ತುಂಬಿ ಬಾತಾಗ ಅಪ್ಪ ಊಟ ಬಿಟ್ಟಿದ್ದ. ಅದು ಹೋದರೆ ನಮಗೆ ಬೇರೆ ಗತಿಯಿರಲಿಲ್ಲ. ಡಾಕ್ಟರು ಗಾಯ ತೊಳೆದು, ಕೀವಿನ ಹನಿಯೊಂದಕ್ಕೆ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ತೋರಿಸಿದರು.

“ಯಾ ಅಲ್ಲಾ! ಎಷ್ಟ್ ದೊಡ್ಡ ಹುಳಾರಿ!” ಅಪ್ಪ ಹಿಂದೆ ಸರಿದ.

“ಹುಳಾ ಅಲ್ರಿ ಸಾಬರ, ಅವು ಕುದುರಿ ರಕ್ತದಾಗಿನ ಬಿಳಿ ಕಣ. ಅವುಗಳ ಹೊಟ್ಟ್ಯಾಗ ಸಣ್ಣ ಚುಕ್ಕಿ ಕಾಣ್ತಾವಲ್ಲ, ಅವು ಹುಳಾ. ಬಿಳಿ ಕಣ ಆ ಹುಳಾನ ನುಂಗಿ ಒಳಗ ಕರಗಿಸಾಕತ್ತಾವ.”

ಕೆಲವೇ ದಿನಗಳಲ್ಲಿ ಕುದುರೆ ಕಾಲೂರಿತು. ಅಪ್ಪ ಅಳುತ್ತ ಸಲಾಂ ಮಾಡಿದಾಗ ಡಾಕ್ಟರು, “ನಂದೇನಿಲ್ರಿ” ಎಂದು ಕುದುರೆಯತ್ತ ಕೈ ತೋರಿಸಿದರು. ಅಪ್ಪ ಬಗ್ಗಿ ಕುದುರೆಯ ಕಾಲಿಗೆ ಸಲಾಂ ಮಾಡಿದ.

“ಹಾಂ, ಈಗ ಬರೋಬರಿ ಆತು.”